ಎರಡು ಪುತ್ತೂರು, ಒಂದು ಟಿಕೆಟು

ಭಾರತೀಯ ರೈಲ್ವೆಯ ವೇಳಾಪಟ್ಟಿಯಲ್ಲಿ ಪುತ್ತೂರು ಒಂದೇ ಅಲ್ಲ. ತಿರುಪತಿಯ ಸಮೀಪ, ರೇಣಿಗುಂಟ-ಅರಕ್ಕೋಣಂ ಮಾರ್ಗದಲ್ಲಿ ಇನ್ನೊಂದು ಪುತ್ತೂರಿದೆ. ಆ ಮಾರ್ಗಕ್ಕೆ ರೈಲು ಬಂದದ್ದು 19ನೇ ಶತಮಾನದಲ್ಲಿ. ನಮ್ಮ ಪುತ್ತೂರಿಗೆ ರೈಲು ಬರಲು ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಂದು ನಮ್ಮ ನಿಲ್ದಾಣದ ಹೆಸರು ‘ಕಬಕ ಪುತ್ತೂರು’, ರೈಲ್ವೆಯ ಸಂಕೇತಾಕ್ಷರದಲ್ಲಿ ಕೆ.ಬಿ.ಪಿ.ಆರ್. ಊರಿನವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಆದರೆ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಕುಳಿತು ಪುತ್ತೂರಿಗೆ ಟಿಕೆಟು ಹುಡುಕುವವನಿಗೆ ಮೊದಲು ಕಣ್ಣಿಗೆ ಬೀಳುವುದು ಆಂಧ್ರದ ಪುತ್ತೂರು. ಎರಡರ ನಡುವಿನ ಅಂತರ ಒಂದು ರಾತ್ರಿಯ ಪ್ರಯಾಣಕ್ಕಿಂತ ಕಡಿಮೆಯಲ್ಲ.

ಪರದೇಶದವರು ನಮ್ಮ ಸೀಮೆಗೆ ಹೇಗೆ ಬರುತ್ತಿದ್ದರು, ಪ್ರಯಾಣಕ್ಕೆ ಏರ್ಪಾಡು ಹೇಗೆ ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಹಿಂದಿನಿಂದ ನೋಡುತ್ತಾ ಬಂದರೆ, ಈ ನಾಡಿನ ರೈಲಿನ ಕತೆಯೂ ಅದರ ಜೊತೆಗೇ ಬಿಚ್ಚಿಕೊಳ್ಳುತ್ತದೆ.

1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಾಗ ಯುರೋಪಿನಿಂದ ಇಲ್ಲಿಗೆ ಇದ್ದ ದಾರಿ ಸಮುದ್ರದ್ದು. ಹಡಗಿನಲ್ಲಿ ಜಾಗ ಹಿಡಿಯುವುದೇ ಅಂದಿನ ಮುಂಗಡ ಕಾದಿರಿಸುವಿಕೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳೆಲ್ಲ ಮುಚ್ಚಿರುತ್ತಿದ್ದವು. ಆಷಾಢದಲ್ಲಿ ಬರಬೇಕಾದವನು ಬೊಂಬಾಯಿಯಲ್ಲೇ ದಿನ ಎಣಿಸಬೇಕಿತ್ತು. ಇಲ್ಲಿ ಇಳಿದ ಮೇಲೆ ಒಳನಾಡಿಗೆ ಮೇನೆ, ಕುದುರೆ, ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆ. ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆಗಳನ್ನು ದಾಟಿ ಮಡಿಕೇರಿಗೆ ಏರುವ ದಾರಿಯೇ ಈ ಭಾಗದ ಹೆದ್ದಾರಿ. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಕೊಡಗಿನಿಂದ ಮಂಗಳೂರಿಗೆ ಹೊರಟ ಗಾಂಧೀಜಿ ಸುಳ್ಯ-ಪುತ್ತೂರುಗಳನ್ನು ಹಾದು ಹೋದದ್ದು ಇದೇ ರಸ್ತೆಯಲ್ಲಿ. ಪುತ್ತೂರಿನ ಗಾಂಧಿಕಟ್ಟೆ ಅದರ ನೆನಪು. ಮೂರನೇ ದರ್ಜೆಯ ರೈಲು ಪ್ರಯಾಣದ ಬವಣೆಯನ್ನು ದೇಶಕ್ಕೇ ಸಾರಿದ ಮಹಾತ್ಮರಿಗೆ ಇಲ್ಲಿ ಹತ್ತಲು ಮೂರನೇ ದರ್ಜೆಯೂ ಇರಲಿಲ್ಲ!

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಮೈಸೂರಿನ ಕಡೆಯಿಂದ ಬರಲಿಲ್ಲ, ದಕ್ಷಿಣದಿಂದ, ಶೋರನೂರು-ಕಣ್ಣಾನೂರು-ಕಾಸರಗೋಡು ಮಾರ್ಗವಾಗಿ ಬಂತು. ಇದಕ್ಕೆ ಘಟ್ಟವೊಂದೇ ಕಾರಣವಲ್ಲ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತಕ್ಕೆ ಸೇರಿತ್ತು, ಘಟ್ಟದ ಮೇಲಿನದು ಮಹಾರಾಜರ ಸೀಮೆ. ಜಿಲ್ಲೆಯ ಕಚೇರಿ ಕಾಗದಗಳೆಲ್ಲ ಮದ್ರಾಸಿಗೆ ಹೋಗುತ್ತಿದ್ದಾಗ ರೈಲೂ ಆ ದಿಕ್ಕಿಗೇ ಹೊರಳಿತು. ಲಂಡನ್ನಿನಿಂದ ಹೊರಟ ಆಂಗ್ಲನಿಗೆ ಇದರಿಂದ ತೊಂದರೆಯಾಗಲಿಲ್ಲ. ಥಾಮಸ್ ಕುಕ್ ಕಂಪೆನಿ 1881ರಲ್ಲೇ ಬೊಂಬಾಯಿಯಲ್ಲಿ ಕಚೇರಿ ತೆರೆದಿತ್ತು. ಕಲಕತ್ತೆಯಲ್ಲಿ ಅಚ್ಚಾಗುತ್ತಿದ್ದ ನ್ಯೂಮನ್ನರ ‘ಇಂಡಿಯನ್ ಬ್ರಾಡ್‌ಶಾ’ ಎಂಬ ವೇಳಾಪಟ್ಟಿಯ ಪುಸ್ತಕ ಕೈಯಲ್ಲಿದ್ದರೆ ಎಲ್ಲಿ ಇಳಿಯಬೇಕು, ಎಲ್ಲಿ ಬದಲಾಯಿಸಬೇಕು ಎಂಬುದು ಗೊತ್ತಾಗುತ್ತಿತ್ತು. ಆದರೆ ಆ ಪುಸ್ತಕದಲ್ಲಿ ಪುತ್ತೂರು ತಾಲೂಕಿಗೆ ಒಂದು ಸಾಲೂ ಇರುವಂತಿರಲಿಲ್ಲ. ಮಂಗಳೂರಿನಲ್ಲಿ ರೈಲು ನಿಂತಿತು. ಅಲ್ಲಿಂದ ಪೂರ್ವಕ್ಕೆ ಮುಂದಿನ ಎಪ್ಪತ್ತು ವರ್ಷ ಬಸ್ಸೇ ಗತಿ.

ಈ ಎಪ್ಪತ್ತು ವರ್ಷಗಳಲ್ಲಿ ಪರದೇಶದವರು ಇಲ್ಲಿಗೆ ಬರಲಿಲ್ಲವೆಂದಲ್ಲ. ಶಿವರಾಮ ಕಾರಂತರು ನಾಲ್ಕು ದಶಕಗಳ ಕಾಲ ಪುತ್ತೂರಿನಲ್ಲಿದ್ದರು. ಯಕ್ಷಗಾನದ ಬೆನ್ನು ಹತ್ತಿ ಅಮೆರಿಕದ ಮಾರ್ತಾ ಆಷ್ಟನ್, ಭೂತಾರಾಧನೆ ಮತ್ತು ಪಾಡ್ದನಗಳ ಅಧ್ಯಯನಕ್ಕಾಗಿ ಪೀಟರ್ ಕ್ಲಾಸ್ ತುಳುನಾಡಿಗೆ ಬಂದರು. ಇಂಥವರು ಇಲ್ಲಿನವರಂತೆ ಬಸ್ಸಿನ ಕಿಟಕಿಯಲ್ಲಿ ಕೈಯಿಟ್ಟು ಜಾಗ ಹಿಡಿಯುವುದನ್ನು ಕಲಿತಿರಲೇಬೇಕು.

ಹಾಸನ-ಮಂಗಳೂರು ಮಾರ್ಗದ ಬೇಡಿಕೆ ಹಳೆಯದು. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ರಾಜಧಾನಿಗೆ ರೈಲಿಲ್ಲ ಎಂಬ ಕೊರತೆ ಎದ್ದು ಕಂಡಿತು. ಆದರೂ ಹಳಿ ಹಾಕಿಸಿದ್ದು ಪ್ರಯಾಣಿಕರ ಮನವಿಗಿಂತ ಹೆಚ್ಚಾಗಿ ಬಂದರು ಎನ್ನಬೇಕು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಒಳನಾಡಿನ ಸಂಪರ್ಕ ಬೇಕಾಗಿತ್ತು. 189 ಕಿ.ಮೀ. ಉದ್ದದ ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಇದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ 55 ಕಿ.ಮೀ. ಘಟ್ಟದ ಭಾಗ: 57 ಸುರಂಗಗಳು, ಒಂದರ ಹಿಂದೊಂದು ಸೇತುವೆಗಳು, 50 ಅಡಿ ಸಾಗಿದರೆ ಒಂದು ಅಡಿ ಏರುವ ಇಳಿಜಾರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ನಡುವೆ ನಿಲ್ದಾಣಗಳಿವೆ. ಅವು ಹೆಚ್ಚಾಗಿ ಎಂಜಿನಿಗೂ ಬ್ರೇಕಿಗೂ ವಿಶ್ರಾಂತಿ ಕೊಡುವ ಸ್ಥಳಗಳು. ಕಾಡಿನ ನಡುವೆ ಹತ್ತುವವರು, ಇಳಿಯುವವರು ಎಷ್ಟು ಮಂದಿ!

ಘಟ್ಟ ಇಳಿದರೆ ಸಿಗುವುದು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. ಆಮೇಲೆ ಕೋಡಿಂಬಾಳ, ಎಡಮಂಗಲ, ಕಾಣಿಯೂರು, ನರಿಮೊಗರು, ಕಬಕ ಪುತ್ತೂರು. ‘ರೋಡ್’ ಎಂಬ ಬಾಲದ ಅರ್ಥವನ್ನು ಹೊರಗಿನವರಿಗೆ ಬಿಡಿಸಿ ಹೇಳಲೇಬೇಕು. ಅಬು ರೋಡ್, ಗೋಕರ್ಣ ರೋಡ್ ಎಂಬ ಹೆಸರುಗಳ ಹಾಗೆ, ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ ಎಂದರ್ಥ. ಕುಕ್ಕೆ ದೇವಸ್ಥಾನ ನಿಲ್ದಾಣದಿಂದ ಸುಮಾರು 12 ಕಿ.ಮೀ. ದೂರ. ರಾತ್ರಿ ಎರಡು ಗಂಟೆಗೆ ಇಳಿದು ಗೋಪುರ ಹುಡುಕುವ ವಿದೇಶೀಯನಿಗೆ ಕಾಣುವುದು ಕಾಡು, ಒಂದೆರಡು ಜೀಪು.

ಮೀಟರ್‌ಗೇಜಿನ ದಿನಗಳಲ್ಲಿ ಟಿಕೆಟೆಂದರೆ ದಪ್ಪ ರಟ್ಟಿನ ಚಿಕ್ಕ ತುಂಡು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬ ಸ್ಟೇಷನ್ ಮಾಸ್ತರ 1830ರ ದಶಕದಲ್ಲಿ ಕಂಡುಹಿಡಿದ ಈ ಪದ್ಧತಿ ಭಾರತದಲ್ಲಿ ಒಂದೂವರೆ ಶತಮಾನ ಬಾಳಿತು. ರಟ್ಟಿನ ಟಿಕೆಟು ಪ್ರಯಾಣದ ಹಕ್ಕನ್ನು ಕೊಡುತ್ತಿತ್ತು, ಮಲಗುವ ಜಾಗವನ್ನಲ್ಲ. ಜಾಗ ಬೇಕಿದ್ದರೆ ಪ್ರತಿ ರೈಲಿಗೂ ಇದ್ದ ದೊಡ್ಡ ಪುಸ್ತಕದಲ್ಲಿ ಹೆಸರು ಬರೆಸಬೇಕು. ಪುಸ್ತಕ ಇರುವುದು ರೈಲು ಹೊರಡುವ ಊರಿನಲ್ಲಿ. ನಡುವಿನ ನಿಲ್ದಾಣದವರು ತಂತಿ ಕಳುಹಿಸಿ ಉತ್ತರಕ್ಕೆ ಕಾಯಬೇಕು. ಉತ್ತರ ಬಾರದಿದ್ದರೆ ಟಿ.ಟಿ.ಇ.ಯವರ ದಯೆ. ಈ ಪುಸ್ತಕಗಳನ್ನು ಕಂಪ್ಯೂಟರು ನುಂಗತೊಡಗಿದ್ದು 1980ರ ದಶಕದ ನಡುವಿನಿಂದ, ಅದೂ ಮಹಾನಗರಗಳಲ್ಲಿ ಮೊದಲು.

ವಿದೇಶೀ ಪ್ರವಾಸಿಗೆ ಈ ಪುಸ್ತಕದ ಕಾಟದಿಂದ ಬಿಡುಗಡೆ ಕೊಡಲು ರೈಲ್ವೆ ಇಲಾಖೆ ಎರಡು ಏರ್ಪಾಡು ಮಾಡಿತ್ತು. ಒಂದು, ‘ಇಂಡ್‌ರೈಲ್ ಪಾಸ್’. ವಿದೇಶೀಯರಿಗೂ ಅನಿವಾಸಿ ಭಾರತೀಯರಿಗೂ ಮಾತ್ರ ಸಿಗುತ್ತಿದ್ದ ಈ ಪಾಸು ಗರಿಷ್ಠ 90 ದಿನಗಳವರೆಗೆ ದೇಶದಲ್ಲೆಲ್ಲ ಓಡಾಡಲು ಸಾಕಾಗುತ್ತಿತ್ತು. ಇನ್ನೊಂದು, ಕೆಲವು ರೈಲುಗಳಲ್ಲಿ ಪ್ರವಾಸಿಗಳಿಗೆಂದು ಬೇರೆ ತೆಗೆದಿರಿಸಿದ ಕೋಟಾ. ಹೊಸದೆಹಲಿ ನಿಲ್ದಾಣದ ಮೇಲಂತಸ್ತಿನಲ್ಲಿ ಇದಕ್ಕೆಂದೇ ಒಂದು ಕಚೇರಿ. ಡಾಲರು, ಪೌಂಡು ಕೊಡಬೇಕು, ಇಲ್ಲವೇ ರೂಪಾಯಿಯ ಜೊತೆಗೆ ಅದನ್ನು ಬ್ಯಾಂಕಿನಲ್ಲಿ ವಿನಿಮಯ ಮಾಡಿಸಿದ ಚೀಟಿ ತೋರಿಸಬೇಕು. ವಿದೇಶೀ ವಿನಿಮಯಕ್ಕಾಗಿ ದೇಶ ಬಾಯಿಬಿಡುತ್ತಿದ್ದ ಕಾಲ ಅದು. ಪಾಸಿದ್ದವನಿಗೂ ಜಾಗ ಕಾದಿರಿಸುವ ಕೆಲಸ ತಪ್ಪುತ್ತಿರಲಿಲ್ಲ ಎಂಬುದು ಬೇರೆ ಮಾತು. ಆ ಪಾಸನ್ನು 2017ರಲ್ಲಿ ನಿಲ್ಲಿಸಲಾಯಿತು.

ಇಷ್ಟೆಲ್ಲ ಅನುಕೂಲ ಕೂಡಿಬರುವ ಹೊತ್ತಿಗೆ ನಮ್ಮ ಘಟ್ಟದಲ್ಲಿ ರೈಲೇ ಇಲ್ಲದಾಯಿತು. ಬೆಂಗಳೂರಿನ ಸುತ್ತಿನ ಮಾರ್ಗಗಳು 1990ರ ದಶಕದಲ್ಲಿ ಬ್ರಾಡ್‌ಗೇಜಿಗೆ ತಿರುಗಿದವು. ಘಟ್ಟದ ಹಳಿಯನ್ನೂ ಬದಲಿಸಲೆಂದು 1996ರಲ್ಲಿ ಸಂಚಾರ ನಿಲ್ಲಿಸಿದರು. ಹಣವಿಲ್ಲದೆ ಕೆಲಸ ಕುಂಟಿತು. ಕೊನೆಗೆ 2003ರಲ್ಲಿ ರಾಜ್ಯ ಸರಕಾರ ಮತ್ತು ರೈಲ್ವೆ ಸೇರಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪೆನಿಯನ್ನು ಕಟ್ಟಬೇಕಾಯಿತು. ಸರಕಿನ ಗಾಡಿ 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ ಮತ್ತೆ ಓಡಿದವು. ಹನ್ನೊಂದು ವರ್ಷ! 17 ವರ್ಷ ಓಡಿದ ರೈಲು 11 ವರ್ಷ ಮಲಗಿತು. ಆ ಅವಧಿಯಲ್ಲಿ ರೈಲೇ ಬೇಕೆಂದು ಹಟ ಹಿಡಿದವರು ಬೆಂಗಳೂರಿನಿಂದ ಸೇಲಂ, ಪಾಲಕ್ಕಾಡು, ಶೋರನೂರು ಸುತ್ತಿ ಮಂಗಳೂರಿಗೆ ಬರಬೇಕಿತ್ತು. ಅಂದರೆ 1907ರ ದಾರಿಯೇ ಮತ್ತೆ.

ರೈಲಿಲ್ಲದ ಹಳಿಯ ಮೇಲೆ ಮನುಷ್ಯರು ನಡೆದರು. ದೋಣಿಗಾಲಿನಿಂದ ಎಡಕುಮೇರಿಯವರೆಗಿನ ನಡಿಗೆ ‘ಹಸಿರು ಹಾದಿ’ ಎಂದು ಚಾರಣಿಗರಲ್ಲಿ ಹೆಸರಾಯಿತು. ಬ್ಯಾಟರಿ ಹಿಡಿದು ಸುರಂಗ ದಾಟಿದವರಲ್ಲಿ ಬೆನ್ನಚೀಲದ ಬಿಳಿಯರೂ ಇದ್ದರು. ಈ ಖ್ಯಾತಿ ಹಳೆಯ ಬರಹಗಳಲ್ಲಿ ಇನ್ನೂ ಉಳಿದಿರುವುದರಿಂದ ಒಂದು ಮಾತು ಹೇಳಬೇಕು: ಈಗ ಅಲ್ಲಿ ರೈಲು ಓಡುತ್ತದೆ, ಸುರಂಗದೊಳಗೆ ಸರಿದು ನಿಲ್ಲಲು ಸ್ಥಳ ಸಾಲದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿಯವರೆಗೆ ದಂಡ ಇದೆ.

ಅಂತರಜಾಲದ ಮೂಲಕ ಟಿಕೆಟು 2002ರಲ್ಲಿ ಆರಂಭವಾಯಿತು. ವಿದೇಶೀಯರಿಗೆ 365 ದಿನ ಮುಂಚಿತವಾಗಿ ಕಾದಿರಿಸುವ ಅವಕಾಶ 2017ರಲ್ಲಿ ಬಂತು. ನಮಗೆಲ್ಲ ಈ ಅವಧಿ 120 ದಿನವಿದ್ದದ್ದು 2024ರ ನವೆಂಬರಿನಿಂದ 60 ದಿನಕ್ಕೆ ಇಳಿದರೂ ಅವರಿಗೆ ಬದಲಾಗಲಿಲ್ಲ. ಚಂಪಾಷಷ್ಠಿಯ ವೇಳೆಗೆ ಜಾಗ ಸಿಗದೆ ಪರದಾಡುವ ಭಕ್ತರಿಗೆ ಇದು ಪಕ್ಷಪಾತವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಕೋಟಾ ಎಲ್ಲ ರೈಲುಗಳಲ್ಲೂ ಇಲ್ಲ, ಎಲ್ಲ ದರ್ಜೆಗಳಲ್ಲೂ ಇಲ್ಲ. ಇನ್ನೊಂದು ಕಡೆ, 2025ರ ಜುಲೈಯಿಂದ ಅಂತರಜಾಲದಲ್ಲಿ ತತ್ಕಾಲ್ ಟಿಕೆಟು ತೆಗೆಯಲು ಆಧಾರ್ ದೃಢೀಕರಣ ಬೇಕೆಂಬ ನಿಯಮ ಬಂದು, ಆಧಾರ್ ಇಲ್ಲದ ಪರದೇಶದವರಿಗೆ ಆ ಬಾಗಿಲು ಮುಚ್ಚಿತು. ಯೋಜನೆ ಹಾಕಿ ಬರುವ ಶ್ರೀಮಂತ ಪ್ರವಾಸಿಗೆ ಒಂದು ವರ್ಷದ ಅವಕಾಶ, ಮನಸ್ಸು ಬಂದತ್ತ ಹೋಗುವ ಬೆನ್ನಚೀಲದವನಿಗೆ ಕಿಟಕಿಯ ಮುಂದಿನ ಸರದಿ. ಇಲಾಖೆಯ ಲೆಕ್ಕದಲ್ಲಿ ‘ವಿದೇಶೀಯ’ ಎಂದರೆ ಬಿಳಿ ಚರ್ಮದವನೇ ಆಗಬೇಕಿಲ್ಲ ಎಂಬುದನ್ನೂ ಮರೆಯಬಾರದು. ಅಮೆರಿಕದಲ್ಲಿ ಹುಟ್ಟಿ, ರಜೆಗೆಂದು ಪುತ್ತೂರಿನ ಅಜ್ಜಿಮನೆಗೆ ಬರುವ ಮೊಮ್ಮಗನ ಪಾಸ್‌ಪೋರ್ಟೂ ಪರದೇಶದ್ದೇ.

ಇನ್ನು ಯಾವ ರೈಲು ಎಂಬ ಪ್ರಶ್ನೆ. ರಾತ್ರಿಯ ಗಾಡಿ ಹಿಡಿದರೆ ನಿದ್ದೆ ಸಿಗುತ್ತದೆ, ಘಟ್ಟ ಕಾಣುವುದಿಲ್ಲ. ಹಗಲಿನ ಗಾಡಿಗೆ 2021ರ ಜುಲೈಯಲ್ಲಿ ಗಾಜಿನ ಮಾಡಿನ, 44 ಆಸನಗಳ ‘ವಿಸ್ಟಾಡೋಮ್’ ಬೋಗಿ ಜೋಡಿಸಿದರು. ಅದರಲ್ಲಿ ಕುಳಿತವರಿಗೆ ಹಳ್ಳ, ಜಲಪಾತ ಎಲ್ಲವೂ ನಿಧಾನವಾಗಿ ದರ್ಶನ ಕೊಡುತ್ತವೆ, ಏಕೆಂದರೆ ಘಟ್ಟದಲ್ಲಿ ರೈಲು ಓಡುವುದಿಲ್ಲ, ತೆವಳುತ್ತದೆ. ಮಳೆಗಾಲದಲ್ಲೇ ಇದು ಅತಿ ಚೆಂದ. ಗುಡ್ಡ ಜಾರುವುದೂ ಆಗಲೇ. 2018ರ ಆಗಸ್ಟಿನ ಕುಸಿತದಿಂದ ತಿಂಗಳಿಗೂ ಮೀರಿ ಸಂಚಾರ ನಿಂತಿತ್ತು, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಮತ್ತೆ ಹಳಿಯ ಅಡಿಯ ಮಣ್ಣೇ ಜಾರಿತು. ಮರುದಿನ ವಿಮಾನ ಹಿಡಿಯಬೇಕಾದವನು ಜುಲೈಯಲ್ಲಿ ಈ ರೈಲನ್ನು ನೆಚ್ಚಿಕೊಳ್ಳದಿರುವುದು ಲೇಸು. ಮಂಗಳೂರಿನಲ್ಲಿ ಇಳಿಯುವವನು ಸೆಂಟ್ರಲ್ ಮತ್ತು ಜಂಕ್ಷನ್ ಎರಡು ಬೇರೆ ಎಂದೂ ತಿಳಿದಿರಬೇಕು. ಜಂಕ್ಷನ್ ಎಂದರೆ ನಮ್ಮ ಹಳೆಯ ಕಂಕನಾಡಿ ನಿಲ್ದಾಣ.

ಕಡಬಕ್ಕೆ ಕೋಡಿಂಬಾಳ ಹತ್ತಿರ, ಆದರೆ ದೂರದ ಊರಿನ ವೇಗದ ಗಾಡಿಗಳಿಗೆ ಸುಬ್ರಹ್ಮಣ್ಯ ರೋಡಿಗೇ ಹೋಗಬೇಕು. ಹಿಂದೆ ಪುತ್ತೂರು ಮತ್ತು ಸುಳ್ಯ ತಾಲೂಕುಗಳಿಗೆ ಹಂಚಿಹೋಗಿದ್ದ ಎಡಮಂಗಲ, ಬಿಳಿನೆಲೆ, ಸುಬ್ರಹ್ಮಣ್ಯಗಳು ಕಡಬ ಹೊಸ ತಾಲೂಕಾದಾಗ ಅದಕ್ಕೆ ಸೇರಿದವು. ಸುಳ್ಯದ ಪಾಲಿಗಿದ್ದ ರೈಲಿನ ಅಂಚೂ ಅದರೊಂದಿಗೆ ಹೋಯಿತು. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯಗಳ ಮೂಲಕ ಕಾಣಿಯೂರಿಗೆ ಸುಮಾರು 90 ಕಿ.ಮೀ. ಹೊಸ ಮಾರ್ಗದ ಸಮೀಕ್ಷೆ ನಡೆದಿದೆ. ಹಳಿ ಬಿದ್ದಿಲ್ಲ. ಸುಳ್ಯಕ್ಕೆ ಬರುವ ಪರದೇಶದವನು ಟಿಕೆಟಿನ ಮೇಲೆ ಕಬಕ ಪುತ್ತೂರು ಎಂದೇ ಬರೆಸಿ, ಅಲ್ಲಿ ಇಳಿದು, ಬಸ್‌ಸ್ಟ್ಯಾಂಡಿಗೆ ರಿಕ್ಷಾ ಹಿಡಿದು, ಸುಳ್ಯದ ಬಸ್ಸು ಯಾವುದೆಂದು ಕೇಳಬೇಕು.