ಮೈದಾನದಲ್ಲಿ ‘ಅಣ್ಣ’ ಎನ್ನಬೇಡಿ ಎಂದ ಕೋಚ್

2001ರಲ್ಲಿ ದಕ್ಷಿಣ ಕೊರಿಯಾದ ಜನ ತಮ್ಮ ಫುಟ್‌ಬಾಲ್ ಕೋಚ್‌ಗೆ ಒಂದು ಅಡ್ಡಹೆಸರು ಇಟ್ಟಿದ್ದರು: ‘ಐದು-ಸೊನ್ನೆ’. ಮೇ ತಿಂಗಳಲ್ಲಿ ಫ್ರಾನ್ಸ್ ಎದುರು 5-0 ಸೋಲು. ಆಗಸ್ಟ್‌ನಲ್ಲಿ ಝೆಕ್ ಗಣರಾಜ್ಯದ ಎದುರು ಮತ್ತೆ 5-0. ವಿಶ್ವಕಪ್‌ಗೆ ಹತ್ತು ತಿಂಗಳೂ ಉಳಿದಿರಲಿಲ್ಲ. ಅದೂ ಜಪಾನ್ ಜೊತೆ ಸೇರಿ ತಮ್ಮದೇ ನೆಲದಲ್ಲಿ ನಡೆಸಬೇಕಿದ್ದ ವಿಶ್ವಕಪ್.

ಆ ಕೋಚ್ ನೆದರ್ಲೆಂಡ್ಸ್‌ನ ಗೂಸ್ ಹಿಡಿಂಕ್. ಮುಂದಿನ ವರ್ಷ ಅದೇ ಜನ ಅವರನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಅಷ್ಟರಲ್ಲಿ ಏನಾಯಿತು?

ಹಿಡಿಂಕ್ ಹುಟ್ಟಿದ್ದು 1946ರ ನವೆಂಬರ್ 8ರಂದು, ಜರ್ಮನಿ ಗಡಿಗೆ ಹತ್ತಿರದ ವಾರ್ಸೆವೆಲ್ಡ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮೇಷ್ಟ್ರು. ಮಗ ಮಿಡ್‌ಫೀಲ್ಡ್ ಆಟಗಾರನಾದ. ಅಂದರೆ ಗೋಲು ಹೊಡೆಯುವವರಿಗೂ ತಡೆಯುವವರಿಗೂ ನಡುವೆ ಓಡಾಡುತ್ತ, ಚೆಂಡು ಹಂಚುವ ಕೆಲಸ. ಆಡಿದ್ದು ಹೆಚ್ಚಾಗಿ ಊರಿನ ಹತ್ತಿರದ ಸಣ್ಣ ಕ್ಲಬ್ ಡಿ ಗ್ರಾಫ್‌ಸ್ಕಾಪ್‌ಗೆ. ದೊಡ್ಡ ಕ್ಲಬ್ ಪಿಎಸ್‌ವಿಗೆ ಹೋಗಿ ಎರಡೇ ವರ್ಷಕ್ಕೆ ಮರಳಿದರು. ದೇಶದ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಟದ ಜೊತೆಗೇ, ಸುಲಭಕ್ಕೆ ಮಾತು ಕೇಳದ ಮಕ್ಕಳ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರಾಗಿದ್ದರು.

1987ರಲ್ಲಿ ಅದೇ ಪಿಎಸ್‌ವಿಗೆ ಮುಖ್ಯ ಕೋಚ್ ಆದರು. 1988ರಲ್ಲಿ ತಂಡ ಯುರೋಪಿಯನ್ ಕಪ್ ಗೆದ್ದಿತು. ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗಿನ ಐದೂ ಪಂದ್ಯ ಡ್ರಾ. ಕೊನೆಗೆ ಬೆನ್‌ಫಿಕಾ ವಿರುದ್ಧ ಪೆನಾಲ್ಟಿಯಲ್ಲಿ ಕಪ್ ಕೈಗೆ ಬಂತು.

ಆಮೇಲೆ ನೆದರ್ಲೆಂಡ್ಸ್ ರಾಷ್ಟ್ರೀಯ ತಂಡದ ಹೊಣೆ. 1996ರ ಯೂರೋ ಕಪ್‌ನಲ್ಲಿ ತಂಡ ಒಳಗೇ ಒಡೆಯಿತು. ಹಳೆಯ ಡಚ್ ವಸಾಹತು ಸುರಿನಾಮ್ ಮೂಲದ ಕಪ್ಪು ಯುವ ಆಟಗಾರರಿಗೆ, ತಮ್ಮ ಮಾತಿಗೆ ಬೆಲೆ ಇಲ್ಲ ಎಂಬ ಅಸಮಾಧಾನವಿತ್ತು. ಕಪ್ಪು ಆಟಗಾರರು ಒಂದೇ ಮೇಜಿಗೆ ಊಟಕ್ಕೆ ಕೂತ ಫೋಟೊ ಪತ್ರಿಕೆಗಳಲ್ಲಿ ಬಂದು ಗದ್ದಲವಾಯಿತು. ಕೋಚ್ ವಿರುದ್ಧ ಬಹಿರಂಗವಾಗಿ ಮಾತಾಡಿದ ಎಡ್ಗರ್ ಡೇವಿಡ್ಸ್‌ನನ್ನು ಹಿಡಿಂಕ್ ಮನೆಗೆ ಕಳಿಸಿದರು. ಆದರೆ ಅಲ್ಲಿಗೇ ಬಾಗಿಲು ಹಾಕಲಿಲ್ಲ. 1998ರ ವಿಶ್ವಕಪ್‌ಗೆ ಅದೇ ಡೇವಿಡ್ಸ್‌ನನ್ನು ಕರೆದರು. ಯುಗೊಸ್ಲಾವಿಯ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದದ್ದು ಅವನೇ. ತಂಡ ಸೆಮಿಫೈನಲ್ ತಲುಪಿತು.

ಅದೇ ವಿಶ್ವಕಪ್‌ನಲ್ಲಿ ಹಿಡಿಂಕ್ ತಂಡ ದಕ್ಷಿಣ ಕೊರಿಯಾವನ್ನು 5-0ಯಿಂದ ಸೋಲಿಸಿತ್ತು. ಸೋಲಿಸಿದವನನ್ನೇ ಕೊರಿಯಾ ಕರೆಸಿಕೊಂಡಿತು. ಆವರೆಗೆ ಕೊರಿಯಾ ಐದು ವಿಶ್ವಕಪ್‌ಗಳಲ್ಲಿ 14 ಪಂದ್ಯ ಆಡಿ ಒಂದನ್ನೂ ಗೆದ್ದಿರಲಿಲ್ಲ.

ಕೊರಿಯಾದವರಿಗೆ ದಮ್ಮಿದೆ, ಕೌಶಲ ಸಾಲದು ಎಂಬುದು ಅಲ್ಲಿನವರ ನಂಬಿಕೆಯಾಗಿತ್ತು. ಹಿಡಿಂಕ್ ಉಲ್ಟಾ ಹೇಳಿದರು: ಎರಡೂ ಕಾಲಲ್ಲಿ ಚೆಂಡು ಚೆನ್ನಾಗಿ ಆಡಿಸುತ್ತೀರಿ, ನಿಮಗೆ ಸಾಲದಿರುವುದು ದಮ್ಮು. ಓಟದ ಪರೀಕ್ಷೆ, ಕಠಿಣ ತಾಲೀಮು ಶುರುವಾಯಿತು.

ಇನ್ನೊಂದು ತೊಡಕು ಕಾಲಿನದ್ದಲ್ಲ, ಬಾಯಿನದ್ದು. ಕೊರಿಯಾದಲ್ಲಿ ವಯಸ್ಸಿಗೆ ತಕ್ಕಂತೆ ಮಾತು. ಕಿರಿಯ ಆಟಗಾರ ಹಿರಿಯನನ್ನು ‘ಹ್ಯೊಂಗ್’ ಎನ್ನಬೇಕು, ನಮ್ಮ ‘ಅಣ್ಣ’ ಇದ್ದ ಹಾಗೆ. ಕ್ರಿಯಾಪದವೂ ಬಹುವಚನದ ಗೌರವದಂತೆ ಬದಲಾಗುತ್ತದೆ. ಊಟಕ್ಕೆ ಹಿರಿಯರು ಒಂದು ಕಡೆ, ಕಿರಿಯರು ಇನ್ನೊಂದು ಕಡೆ. ಚೆಂಡು ಬಿಟ್ಟುಕೊಡುವಾಗಲೂ ಅದೇ ಸಂಕೋಚ. ಅರೆ ಕ್ಷಣದಲ್ಲಿ ‘ಬಿಡು, ಇತ್ತ ಕೊಡು’ ಎಂದು ಕೂಗಬೇಕಾದವನು ಗೌರವದ ಮಾತು ಹುಡುಕುತ್ತ ನಿಂತರೆ ಚೆಂಡು ಎದುರಾಳಿಯ ಪಾಲು.

ಮೈದಾನದಲ್ಲಿ ಎಲ್ಲರೂ ಬರೀ ಹೆಸರು ಹಿಡಿದು ಕರೆಯಿರಿ ಎಂದರು ಹಿಡಿಂಕ್. ಊಟಕ್ಕೆ ಹಿರಿಯ ಕಿರಿಯರನ್ನು ಬೆರೆಸಿ ಕೂರಿಸಿದರು. 1996ರ ಆ ಊಟದ ಮೇಜು ಅವರ ನೆನಪಿನಲ್ಲಿ ಇದ್ದಿರಲೇಬೇಕು ಎಂದು ನನಗೆ ಅನ್ನಿಸುತ್ತದೆ. ಯಾವ ಕಾಲೇಜು, ಯಾರ ಶಿಷ್ಯ ಎಂಬುದನ್ನು ಕೇಳದೆ ಆಟ ನೋಡಿ ಆರಿಸಿದರು. ದೊಡ್ಡ ಹೆಸರಿಲ್ಲದ, ಮೈಕಟ್ಟು ಸಣ್ಣದಾದ ಪಾರ್ಕ್ ಜಿ-ಸಂಗ್‌ಗೆ ಹೀಗೆ ತಂಡದಲ್ಲಿ ಗಟ್ಟಿ ಜಾಗ ಸಿಕ್ಕಿತು.

2002ರ ಜೂನ್ 4ರಂದು ಬೂಸಾನ್‌ನಲ್ಲಿ ಪೋಲೆಂಡ್ ವಿರುದ್ಧ 2-0. ವಿಶ್ವಕಪ್‌ನಲ್ಲಿ ಕೊರಿಯಾದ ಮೊದಲ ಗೆಲುವು. ಅಮೆರಿಕ ಜೊತೆ ಡ್ರಾ. ಪೋರ್ಚುಗಲ್ ವಿರುದ್ಧ 21 ವರ್ಷದ ಪಾರ್ಕ್ ಗೋಲು ಹೊಡೆದು, ಓಡಿಬಂದು ಕೋಚ್‌ನನ್ನು ತಬ್ಬಿಕೊಂಡ. ಇಟಲಿ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಆನ್ ಜಂಗ್-ಹ್ವಾನ್ ಗೋಲು. ಸ್ಪೇನ್ ವಿರುದ್ಧ ಪೆನಾಲ್ಟಿಯಲ್ಲಿ ಕೊನೆಯ ಒದೆತ ಕ್ಯಾಪ್ಟನ್ ಹಾಂಗ್ ಮ್ಯುಂಗ್-ಬೊನದ್ದು, 33 ವರ್ಷದ ಹಿರಿಯ. ಸೆಮಿಫೈನಲ್‌ನಲ್ಲಿ ಜರ್ಮನಿಗೆ 1-0ಯಿಂದ ಸೋತು, ಕೊನೆಗೆ ನಾಲ್ಕನೇ ಸ್ಥಾನ. ಏಷ್ಯಾದ ಬೇರೆ ಯಾವ ತಂಡವೂ ಅಲ್ಲಿವರೆಗೆ ಹೋಗಿರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಇಟಲಿಯ ಟೊಟ್ಟಿಗೆ ಕೆಂಪು ಕಾರ್ಡ್, ಸ್ಪೇನ್‌ನ ಎರಡು ಗೋಲು ರದ್ದು. ರೆಫರಿಗಳ ಆ ತೀರ್ಪುಗಳ ಬಗ್ಗೆ ಇಂದಿಗೂ ಜಗಳವಿದೆ. ತವರಿನ ಅನುಕೂಲವಿತ್ತು. ಬೇರೆ ಕೋಚ್‌ಗಳಿಗೆ ಸಿಗದಷ್ಟು ದೀರ್ಘ ಶಿಬಿರವೂ ಸಿಕ್ಕಿತ್ತು. ಆದರೆ ಪೋಲೆಂಡ್, ಪೋರ್ಚುಗಲ್ ವಿರುದ್ಧ ಓಡಿದ ಕಾಲುಗಳನ್ನು ಯಾವ ರೆಫರಿಯೂ ಕೊಟ್ಟಿರಲಿಲ್ಲ.

ಕೊರಿಯಾ ಸರ್ಕಾರ ಹಿಡಿಂಕ್ ಅವರಿಗೆ ಗೌರವ ಪೌರತ್ವ ಕೊಟ್ಟಿತು. ಗ್ವಾಂಗ್ಜು ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಅವರು 2006ರಲ್ಲಿ ಆಸ್ಟ್ರೇಲಿಯಾವನ್ನು ವಿಶ್ವಕಪ್‌ನ ನಾಕೌಟ್‌ಗೆ, 2008ರಲ್ಲಿ ರಷ್ಯಾವನ್ನು ಯೂರೋ ಸೆಮಿಫೈನಲ್‌ಗೆ ಮುಟ್ಟಿಸಿದರು.

ಪಾರ್ಕ್ ಜಿ-ಸಂಗ್ ಹಿಡಿಂಕ್ ಹಿಂದೆಯೇ ಪಿಎಸ್‌ವಿಗೆ ಹೋದ. 2005ರಲ್ಲಿ ಅಲ್ಲಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. 2010ರ ವಿಶ್ವಕಪ್‌ನಲ್ಲಿ ಕೊರಿಯಾ ತಂಡದ ಕ್ಯಾಪ್ಟನ್ ಅವನೇ. ಅಷ್ಟೊತ್ತಿಗೆ ಕಿರಿಯರ ಪಾಲಿಗೆ ‘ಹ್ಯೊಂಗ್’ ಕೂಡ ಅವನೇ ಆಗಿದ್ದ.