ಪವರ್ ಟ್ರಾನ್ಸಿಸ್ಟರುಗಳ ವೇಗ ಮತ್ತು ಗೇಟ್ ಡ್ರೈವರುಗಳ ಸಹನಶಕ್ತಿ: ಒಂದು ಚಾರಿತ್ರಿಕ ಅವಲೋಕನ

ಪವರ್ ಎಲೆಕ್ಟ್ರಾನಿಕ್ಸ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಸ್ವಿಚ್ಚುಗಳ ಚರಿತ್ರೆಯಾಗಿಯೇ ನಿರೂಪಿಸಲಾಗಿದೆ. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪುಗೊಂಡ ಥೈರಿಸ್ಟರ್, 1970ರ ದಶಕದ ಪವರ್ ಮಾಸ್‌ಫೆಟ್, 1980ರ ದಶಕದ ಐಜಿಬಿಟಿ ಹಾಗೂ ಅನಂತರದ ಸಿಲಿಕಾನ್ ಕಾರ್ಬೈಡ್ ಸಾಧನಗಳು ಅದರ ಮೈಲಿಗಲ್ಲುಗಳು. ಈ ಸ್ವಿಚ್ಚುಗಳಿಗೆ ಆಜ್ಞೆಯನ್ನು ತಲುಪಿಸುವ ಗೇಟ್ ಡ್ರೈವರುಗಳಿಗೆ ಈ ನಿರೂಪಣೆಯಲ್ಲಿ ದೊರೆತಿರುವ ಸ್ಥಾನ ಕಿರಿದು. ಆದರೆ ಸ್ವಿಚ್ಚಿನ ವೇಗವು ಎಷ್ಟರಮಟ್ಟಿಗೆ ಬಳಕೆಗೆ ಒದಗೀತು ಎಂಬುದು ಡ್ರೈವರಿನ ಸಾಮರ್ಥ್ಯವನ್ನೂ ಅವಲಂಬಿಸಿತ್ತು.

ಎರಡು ಸ್ವಿಚ್ಚುಗಳನ್ನು ಒಂದರ ಮೇಲೊಂದರಂತೆ ಜೋಡಿಸಿದ ಅರ್ಧಸೇತು ಮಂಡಲದಲ್ಲಿ ಮೇಲಿನ ಸ್ವಿಚ್ಚಿನ ಆಧಾರಬಿಂದು ಸ್ಥಿರವಲ್ಲ; ಅದು ಕ್ಷಣಮಾತ್ರದಲ್ಲಿ ನೂರಾರು ವೋಲ್ಟುಗಳಷ್ಟು ಏರಿಳಿಯುತ್ತದೆ. ಆದುದರಿಂದ ನಿಯಂತ್ರಣ ಮಂಡಲಕ್ಕೂ ಗೇಟಿಗೂ ನಡುವೆ ನಿರೋಧಕ ತಡೆಯೊಂದನ್ನು ಇರಿಸುವುದು ರೂಢಿ. ತಡೆ ಎಷ್ಟೇ ಭದ್ರವಾಗಿದ್ದರೂ ಅದರ ಎರಡು ಬದಿಗಳ ನಡುವೆ ಅಲ್ಪ ಧಾರಕತೆ ಉಳಿದೇ ಇರುತ್ತದೆ. ಅದು ಕೇವಲ 1 ಪಿಕೊಫ್ಯಾರಡ್ ಇದ್ದರೂ, ವೋಲ್ಟೇಜು ಮೈಕ್ರೋಸೆಕೆಂಡಿಗೆ 10 ಕಿಲೋವೋಲ್ಟಿನಂತೆ ಏರಿದಾಗ 10 ಮಿಲಿಆಂಪಿಯರ್, 100 ಕಿಲೋವೋಲ್ಟಿನಂತೆ ಏರಿದಾಗ 100 ಮಿಲಿಆಂಪಿಯರ್ ಪ್ರವಾಹವು ತಡೆಯನ್ನು ದಾಟುತ್ತದೆ. ಡ್ರೈವರು ಇದನ್ನೇ ಆಜ್ಞೆಯೆಂದು ಗ್ರಹಿಸಿದರೆ ಎರಡೂ ಸ್ವಿಚ್ಚುಗಳು ಏಕಕಾಲದಲ್ಲಿ ವಾಹಕಗಳಾಗಿ ಮಂಡಲವೇ ಸುಟ್ಟುಹೋಗಬಹುದು. ಹೀಗೆ ಎಡವದೆ ಡ್ರೈವರು ತಾಳಿಕೊಳ್ಳಬಲ್ಲ ಗರಿಷ್ಠ ಏರಿಳಿತದ ದರವನ್ನು ಕಾಮನ್-ಮೋಡ್ ಟ್ರಾನ್ಸಿಯೆಂಟ್ ಇಮ್ಯೂನಿಟಿ ಎನ್ನುತ್ತಾರೆ.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ ಅವರು ಜನರಲ್ ಎಲೆಕ್ಟ್ರಿಕ್‌ನಲ್ಲಿ ಐಜಿಬಿಟಿಯನ್ನು ಬೆಳೆಸಿದರು. ಅದನ್ನು ಬಳಸಿದ ಮೋಟಾರು ನಿಯಂತ್ರಕಗಳಲ್ಲಿ ಬೆಳಕಿನ ಮೂಲಕ ಆಜ್ಞೆಯನ್ನು ದಾಟಿಸುವ ಆಪ್ಟೊಕಪ್ಲರುಗಳು ವ್ಯಾಪಕವಾಗಿ ಬಳಕೆಯಾದವು. ಬೆಳಕು ಹಾಯುವಂತಹ ಫ್ಯಾರಡೆ ಕವಚವನ್ನು ಗ್ರಾಹಕದ ಮೇಲೆ ಹೊದಿಸಿ, ಮೈಕ್ರೋಸೆಕೆಂಡಿಗೆ 15 ಕಿಲೋವೋಲ್ಟಿನ ಆಸುಪಾಸಿನ ಸಹನಶಕ್ತಿಯನ್ನು ಸಾಧಿಸಲಾಗಿತ್ತು. ಐಜಿಬಿಟಿಯ ವೇಗಕ್ಕೆ ಇದು ಬಹುಮಟ್ಟಿಗೆ ಸಾಕಾಗಿತ್ತು.

ಸಿಲಿಕಾನಿಗಿಂತ ವಿಶಾಲ ಶಕ್ತಿ-ಅಂತರವುಳ್ಳ ವಸ್ತುಗಳ ಶ್ರೇಷ್ಠತೆಯನ್ನು 1980ರ ದಶಕದ ಆರಂಭದಲ್ಲಿ ಸೈದ್ಧಾಂತಿಕವಾಗಿ ತೋರಿಸಿದವರೂ ಬಾಳಿಗಾ ಅವರೇ. 2010-11ರಲ್ಲಿ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳು ಮಾರುಕಟ್ಟೆಗೆ ಬಂದಾಗ ಹಳೆಯ ತಡೆಗಳ ಮಿತಿ ಪ್ರಕಟವಾಯಿತು. ಗೇಟಿನ ರೋಧವನ್ನು ಹೆಚ್ಚಿಸಿ ಸ್ವಿಚ್ಚನ್ನು ನಿಧಾನಗೊಳಿಸುವುದು ಒಂದು ಉಪಾಯವಾಗಿತ್ತಾದರೂ, ಅದರಿಂದ ಶಕ್ತಿನಷ್ಟ ಹೆಚ್ಚಿ ಹೊಸ ವಸ್ತುವಿನ ಪ್ರಯೋಜನವೇ ಕುಂದುತ್ತಿತ್ತು. ಪರಿಹಾರವು ಬೇರೊಂದು ದಿಕ್ಕಿನಿಂದ ಬಂದಿತು. 2001ರಲ್ಲಿ ಅನಲಾಗ್ ಡಿವೈಸಸ್ ಸಂಸ್ಥೆ ಪರಿಚಯಿಸಿದ, ಚಿಪ್ಪಿನ ಮೇಲಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ತಂತ್ರ ಹಾಗೂ ಅನಂತರದ ಧಾರಕ ತಡೆಗಳು ಈ ಸಹನಶಕ್ತಿಯನ್ನು ಕ್ರಮೇಣ ಮೈಕ್ರೋಸೆಕೆಂಡಿಗೆ 100 ಕಿಲೋವೋಲ್ಟಿಗೂ ಮೀರಿ ಒಯ್ದವು.

ಆದುದರಿಂದ ಸಿಲಿಕಾನ್ ಕಾರ್ಬೈಡ್‌ನ ಯಶಸ್ಸನ್ನು ಕೇವಲ ಒಂದು ವಸ್ತುವಿನ ವಿಜಯವೆಂದು ಬಗೆಯುವುದು ಅಸಮಗ್ರವಾಗುತ್ತದೆ. ಸ್ವಿಚ್ಚಿನ ಚರಿತ್ರೆಯ ಜೊತೆಗೆ, ಅದರ ವೇಗವನ್ನು ನಿರಪಾಯವಾಗಿ ಬಳಸಲು ಎಡೆಮಾಡಿಕೊಟ್ಟ ತಡೆಯ ಚರಿತ್ರೆಯನ್ನೂ ದಾಖಲಿಸುವುದು ಅವಶ್ಯಕ.