ಫೆಡರರ್ ಕತೆ ಮುಗೀತಾ? - 2008ರ ಒಂದು ಹಳೇ ಜಗಳ

ಕ್ರಿಕೆಟ್ ವಿಷಯಕ್ಕೆ ಜಗಳ ಆಡೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ 2008ರ ಆಗಸ್ಟ್ ಕೊನೆಯಲ್ಲಿ, ನ್ಯೂಯಾರ್ಕಿನಲ್ಲಿ ಅಮೆರಿಕನ್ ಓಪನ್ ಶುರುವಾಗೋ ಹೊತ್ತಿಗೆ, ಟೆನಿಸ್ ಹುಚ್ಚಿನವರ ನಡುವೆ ನಡೆದ ಜಗಳ ಕ್ರಿಕೆಟ್ಟಿನ ಜಗಳಕ್ಕಿಂತ ಕಮ್ಮಿ ಏನಿರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ರೋಜರ್ ಫೆಡರರ್ ಕತೆ ಮುಗೀತಾ, ಇಲ್ವಾ?

ಇವತ್ತು ಆ ಪ್ರಶ್ನೆ ಕೇಳಿದರೆ ನಗು ಬರುತ್ತೆ. ಆದರೆ ಅವತ್ತು ಹಾಗೆ ಕೇಳಿದವರು ದಡ್ಡರಲ್ಲ. ಅವರ ಕೈಯಲ್ಲಿ ಲೆಕ್ಕ ಇತ್ತು, ಚರಿತ್ರೆಯೂ ಇತ್ತು. ಅದಕ್ಕೇ ಈ ಹಳೇ ಜಗಳವನ್ನ ಮತ್ತೆ ಕೆದಕೋಣ ಅನ್ನಿಸಿತು.

ಮೊದಲು ಲೆಕ್ಕ ನೋಡೋಣ. 2004ರಿಂದ 2007ರವರೆಗಿನ ನಾಲ್ಕು ವರ್ಷಗಳಲ್ಲಿ ನಡೆದದ್ದು 16 ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳು. ಅದರಲ್ಲಿ 11 ಫೆಡರರ್ ಪಾಲು. 2006ರಲ್ಲಂತೂ ಇಡೀ ವರ್ಷಕ್ಕೆ ಸೋತದ್ದು ಬರೀ ಐದು ಪಂದ್ಯ, ಗೆದ್ದದ್ದು 92. ಇಂಥ ಮನುಷ್ಯ ಒಂದು ಪಂದ್ಯ ಸೋತರೂ ಸುದ್ದಿಯೇ.

ಆಮೇಲೆ 2008 ಬಂತು. ಜನವರಿಯಲ್ಲಿ ಮೆಲ್ಬರ್ನಿನ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಮೂರೇ ಸೆಟ್‌ಗಳಲ್ಲಿ ಮುಗಿಸಿದ. ದುಬೈನಲ್ಲಿ ಮೊದಲ ಸುತ್ತಿನಲ್ಲೇ ಆ್ಯಂಡಿ ಮರ್ರೆ ಸೋಲಿಸಿದ. ಇಂಡಿಯನ್ ವೆಲ್ಸ್‌ನಲ್ಲಿ ಮಾರ್ಡಿ ಫಿಶ್, ಮಯಾಮಿಯಲ್ಲಿ ರಾಡಿಕ್, ರೋಮ್‌ನಲ್ಲಿ ಸ್ಟೆಪಾನೆಕ್... ಪ್ಯಾರಿಸ್ ಫೈನಲ್‌ನಲ್ಲಿ ನಡಾಲ್ 6-1, 6-3, 6-0 ಅಂತ ಬಡಿದದ್ದನ್ನಂತೂ ನೋಡೋಕೇ ಆಗ್ತಿರಲಿಲ್ಲ. ಜುಲೈ 6ರಂದು ವಿಂಬಲ್ಡನ್ ಫೈನಲ್. 4 ಗಂಟೆ 48 ನಿಮಿಷದ ಆಟ, ಐದನೇ ಸೆಟ್ 9-7, ಅಲ್ಲೂ ನಡಾಲ್. ಹುಲ್ಲಿನ ಅಂಕಣದಲ್ಲಿ ಸತತ 65 ಪಂದ್ಯ ಗೆದ್ದವನ ಓಟ ಅಲ್ಲಿಗೆ ನಿಂತಿತು. ಟೊರಾಂಟೊದಲ್ಲಿ ಸಿಮೊನ್, ಸಿನ್ಸಿನಾಟಿಯಲ್ಲಿ ಕಾರ್ಲೊವಿಚ್, ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೇಮ್ಸ್ ಬ್ಲೇಕ್. ಅದಕ್ಕೆ ಮುಂಚೆ ಎಂಟು ಸಲ ಆಡಿ ಎಂಟು ಸಲವೂ ಫೆಡರರ್‌ಗೆ ಸೋತಿದ್ದ ಬ್ಲೇಕ್! ಆಗಸ್ಟ್ 18ಕ್ಕೆ 237 ವಾರಗಳ ಸತತ ನಂಬರ್ ಒನ್ ಪಟ್ಟವೂ ಹೋಯಿತು.

"ಮುಗೀತು" ಅನ್ನೋ ಪಕ್ಷದವರಿಗೆ ಇಷ್ಟು ಸಾಕಿತ್ತು. ಮೇಲಿಂದ ಅವರಿಗೆ ಚರಿತ್ರೆಯ ಬೆಂಬಲ ಬೇರೆ. ಬ್ಯೋರ್ನ್ ಬೋರ್ಗ್ ಕೊನೆಯ ಗ್ರ್ಯಾಂಡ್ ಸ್ಲಾಮ್ ಗೆದ್ದದ್ದು 1981ರ ಫ್ರೆಂಚ್ ಓಪನ್‌ನಲ್ಲಿ, ಆಗಷ್ಟೇ 25 ತುಂಬಿತ್ತು. ಜಾನ್ ಮೆಕೆನ್ರೋ 1984ರ ಅಮೆರಿಕನ್ ಓಪನ್ ಗೆದ್ದಾಗಲೂ ವಯಸ್ಸು 25, ಆಮೇಲೆ ಒಂದೂ ಇಲ್ಲ. ಫೆಡರರ್‌ಗೆ ಆ ಆಗಸ್ಟಿನಲ್ಲಿ 27 ತುಂಬಿತ್ತು. ಟೆನಿಸ್‌ನಲ್ಲಿ ಒಬ್ಬ ರಾಜ ಒಂದು ಸಲ ಇಳಿದರೆ ಮತ್ತೆ ಹತ್ತಲ್ಲ ಅನ್ನೋದು ಅವರ ವಾದ.

"ಇಲ್ಲ" ಅನ್ನೋರು ಏನು ಹೇಳ್ತಿದ್ರು? ವರ್ಷದ ಶುರುವಿನಲ್ಲಿ ಅವನಿಗೆ ಮಾನೋನ್ಯೂಕ್ಲಿಯೋಸಿಸ್ ಅನ್ನೋ ಜ್ವರ ಆಗಿತ್ತು, ಮಾರ್ಚಿನಲ್ಲಿ ಅವನೇ ಅದನ್ನ ಹೇಳಿದ್ದ. ಮೈಯ ಕಸುವನ್ನೆಲ್ಲ ಹೀರಿಬಿಡೋ ಕಾಯಿಲೆ ಅದು. ವಿಂಬಲ್ಡನ್ ಫೈನಲ್‌ನಲ್ಲಿ ಎರಡು ಸೆಟ್ ಹಿಂದಿದ್ದು, ಎರಡು ಟೈಬ್ರೇಕರ್ ಗೆದ್ದು ಐದನೇ ಸೆಟ್‌ಗೆ ಒಯ್ದವನನ್ನ 'ಮುಗಿದವನು' ಅನ್ನೋದು ಹೇಗೆ? ಬೀಜಿಂಗ್‌ನಲ್ಲಿ ಸಿಂಗಲ್ಸ್ ಹೋದರೂ ವಾವ್ರಿಂಕಾ ಜೊತೆ ಡಬಲ್ಸ್ ಚಿನ್ನ ಬಂತಲ್ಲ... (ಆ ದಾರಿಯಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಅವರು ಮನೆಗೆ ಕಳಿಸಿದ್ದು ನಮ್ಮ ಪೇಸ್-ಭೂಪತಿ ಜೋಡಿಯನ್ನ. ಆ ಹೊಟ್ಟೆಯುರಿ ನನಗೆ ಇನ್ನೂ ಹೋಗಿಲ್ಲ!) ಚರಿತ್ರೆಯೇ ಬೇಕಾದರೆ ಸಾಂಪ್ರಾಸ್‌ನನ್ನ ನೋಡಿ ಅಂತಿದ್ರು. 2002ರಲ್ಲಿ ಅವನು ವಿಂಬಲ್ಡನ್‌ನ ಎರಡನೇ ಸುತ್ತಿನಲ್ಲೇ ಸೋತಿದ್ದ, ಎರಡು ವರ್ಷದಿಂದ ಒಂದು ಪ್ರಶಸ್ತಿಯೂ ಇರಲಿಲ್ಲ. ಎಲ್ಲರೂ ತಿಥಿ ಮಾಡಿ ಮುಗಿಸಿದ್ದಾಗ ಅದೇ ನ್ಯೂಯಾರ್ಕಿನಲ್ಲಿ, 31ರ ವಯಸ್ಸಿನಲ್ಲಿ, ಅಗಾಸಿಯನ್ನ ಸೋಲಿಸಿ 14ನೇ ಗ್ರ್ಯಾಂಡ್ ಸ್ಲಾಮ್ ಗೆದ್ದ.

ಇವೆರಡರ ನಡುವೆ ಮೂರನೇ ಪಕ್ಷ ಒಂದಿತ್ತು. ನಾನು ಅದರವನು. ಫೆಡರರ್ ಇಳಿದಿದ್ದಾನಾ ಅನ್ನೋದು ಒಂದು ಪ್ರಶ್ನೆ, ಬೇರೆಯವರು ಏರಿದ್ದಾರಾ ಅನ್ನೋದು ಇನ್ನೊಂದು. ಜಗಳದಲ್ಲಿ ಎರಡನ್ನೂ ಸೇರಿಸಿ 'ಫಾರ್ಮ್' ಅಂತ ಒಂದೇ ಹೆಸರಿಟ್ಟಿದ್ದರು. ಆ ಸೆಪ್ಟೆಂಬರಿನಲ್ಲಿ ನಡಾಲ್‌ಗೆ 22, ಜೊಕೊವಿಚ್ ಮತ್ತು ಮರ್ರೆಗೆ 21, ಸತತ ನಾಲ್ಕು ಟೂರ್ನಿ ಗೆದ್ದು ಬಂದಿದ್ದ ಡೆಲ್ ಪೊಟ್ರೊಗೆ ಇನ್ನೂ 19. ಇವರು ಹ್ಯೂಯಿಟ್, ರಾಡಿಕ್ ತರಹದವರಲ್ಲ. ಎಡಗೈ ನಡಾಲ್‌ನ ಟಾಪ್‌ಸ್ಪಿನ್ ಚೆಂಡು ಫೆಡರರ್‌ನ ಒಂಟಿಗೈ ಬ್ಯಾಕ್‌ಹ್ಯಾಂಡ್‌ಗೆ ಭುಜದೆತ್ತರಕ್ಕೆ ನೆಗೆಯುತ್ತಿತ್ತು. ಜೊಕೊವಿಚ್, ಮರ್ರೆ ಇಬ್ಬರದೂ ಎರಡು ಕೈಯ ಬ್ಯಾಕ್‌ಹ್ಯಾಂಡ್. ಫೆಡರರ್ ಎಷ್ಟೇ ಒತ್ತಿದರೂ ಆ ಕಡೆಯಿಂದ ಬಿರುಕು ಬಿಡ್ತಿರಲಿಲ್ಲ. ಅವನು ನಿಂತಲ್ಲೇ ನಿಂತಿದ್ದರೂ ಹಿಂದೆ ಬಿದ್ದ ಹಾಗೆ ಕಾಣ್ತಿದ್ದ.

ಇನ್ನು ಟೂರ್ನಿಗೆ ಬರೋಣ. ಎರಡನೇ ಶ್ರೇಯಾಂಕದಲ್ಲಿ ಇಳಿದ ಫೆಡರರ್ ನಾಲ್ಕನೇ ಸುತ್ತಿನವರೆಗೆ ಆರಾಮಾಗಿ ಬಂದ. ಅಲ್ಲಿ ರಷ್ಯಾದ ಇಗೊರ್ ಆಂಡ್ರೀವ್ ಐದು ಸೆಟ್ ಆಡಿಸಿದ. ಮೊದಲ ಸೆಟ್ ಟೈಬ್ರೇಕರ್‌ನಲ್ಲಿ ಹೋಯಿತು, ಎರಡನೆಯದೂ ಟೈಬ್ರೇಕರ್‌ನಲ್ಲೇ ಹೇಗೋ ಉಳಿಯಿತು. "ನೋಡಿದ್ರಾ, ನಾವು ಹೇಳಲಿಲ್ವಾ?" ಅಂತ ಮೊದಲ ಪಕ್ಷ. "ಒದ್ದಾಡಿ ಗೆದ್ದನಲ್ಲ, ಅದೇ ಬೇಕಾಗಿದ್ದು" ಅಂತ ಎರಡನೇ ಪಕ್ಷ. ಒಂದೇ ಪಂದ್ಯ, ಎರಡು ಸಾಕ್ಷಿ! ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದಿದ್ದ ಲಕ್ಸೆಂಬರ್ಗಿನ ಮುಲ್ಲರ್ ಕೂಡ ಎರಡು ಟೈಬ್ರೇಕರ್ ಆಡಿಸಿದ.

ಸೆಮಿಫೈನಲ್‌ನಲ್ಲಿ ಮತ್ತೆ ಜೊಕೊವಿಚ್. ನಿಜವಾದ ಪರೀಕ್ಷೆ ಅದೇ ಅಂತ ಎಲ್ಲರೂ ಒಪ್ಪಿದ್ದರು. 6-3, 5-7, 7-5, 6-2. ಮೆಲ್ಬರ್ನಿನ ಬಾಕಿ ತೀರಿತು.

ಇನ್ನೊಂದು ಸೆಮಿಫೈನಲ್‌ನಲ್ಲಿ ಕತೆಯೇ ಬೇರೆ. ಅದುವರೆಗೆ ನಡಾಲ್‌ನನ್ನ ಒಮ್ಮೆಯೂ ಸೋಲಿಸಿರದ ಮರ್ರೆ ಮೊದಲೆರಡು ಸೆಟ್ ಗೆದ್ದಿದ್ದಾಗ ಹ್ಯಾನಾ ಬಿರುಗಾಳಿಯ ಮಳೆ ಸುರಿಯಿತು. ಆಟ ಭಾನುವಾರಕ್ಕೆ, ಫೈನಲ್ ಸೋಮವಾರಕ್ಕೆ. ಮಳೆ ನಿಂತ ಮೇಲೂ ಮರ್ರೆ ಬಿಡಲಿಲ್ಲ, ನಾಲ್ಕು ಸೆಟ್‌ಗಳಲ್ಲಿ ಮುಗಿಸಿದ. ಟೊರಾಂಟೊ, ಸಿನ್ಸಿನಾಟಿ, ಬೀಜಿಂಗ್ ಎಲ್ಲ ಸುತ್ತಿ ಬಂದಿದ್ದ ನಡಾಲ್ ದಣಿದಿದ್ದ ಅನ್ನೋದೂ ಸುಳ್ಳಲ್ಲ.

ಸೋಮವಾರ ಸೆಪ್ಟೆಂಬರ್ 8ರ ಫೈನಲ್ ನಮಗೆ ಮಂಗಳವಾರ ನಸುಕಿನಲ್ಲಿ ಸಿಕ್ಕಿತು. ಒಂದು ದಿನ ಪೂರ್ತಿ ವಿಶ್ರಾಂತಿ ಪಡೆದಿದ್ದ ಫೆಡರರ್ ಒಂದು ಕಡೆ, ಹಿಂದಿನ ದಿನ ನಡಾಲ್ ಜೊತೆ ಗುದ್ದಾಡಿ ಬಂದ ಹುಡುಗ ಇನ್ನೊಂದು ಕಡೆ. ಹಳೇ ಲೆಕ್ಕದಲ್ಲಿ ಮರ್ರೆಯೇ 2-1 ಮುಂದಿದ್ದ. ಎರಡನೇ ಸೆಟ್‌ನಲ್ಲಿ 2-2 ಇದ್ದಾಗ ಫೆಡರರ್ ಸರ್ವ್‌ನಲ್ಲಿ 0-40. ಆಟ ತಿರುಗೋದಿದ್ದರೆ ಅಲ್ಲೇ ತಿರುಗಬೇಕಿತ್ತು, ತಿರುಗಲಿಲ್ಲ. 6-2, 7-5, 6-2. ನ್ಯೂಯಾರ್ಕಿನಲ್ಲಿ ಸತತ ಐದನೇ ಪ್ರಶಸ್ತಿ, ಒಟ್ಟು 13ನೇ ಗ್ರ್ಯಾಂಡ್ ಸ್ಲಾಮ್. ಎರಡು ಬೇರೆ ಬೇರೆ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಸತತ ಐದೈದು ಸಲ ಗೆದ್ದ ಮೊದಲ ಗಂಡಸು ಅವನು.

ಹಾಗಾದ್ರೆ ಜಗಳ ಗೆದ್ದವರು ಯಾರು? ಎರಡನೇ ಪಕ್ಷದವರು ಅವತ್ತು ಕುಣಿದರು, ನ್ಯಾಯವೇ. ಮುಂದಿನ ವರ್ಷ ಪ್ಯಾರಿಸ್, ವಿಂಬಲ್ಡನ್ ಎರಡೂ ಬಂದವು, ಸಾಂಪ್ರಾಸ್‌ನ 14ರ ದಾಖಲೆ ಮುರಿಯಿತು. "ಮುಗೀತು" ಅನ್ನಿಸಿಕೊಂಡವನು 2008ರ ನಂತರ ಇನ್ನೂ ಏಳು ಗ್ರ್ಯಾಂಡ್ ಸ್ಲಾಮ್ ಗೆದ್ದ. ಕೊನೆಯದು 2018ರ ಮೆಲ್ಬರ್ನಿನಲ್ಲಿ, 36ನೇ ವಯಸ್ಸಿನಲ್ಲಿ.

ಆದರೆ ಇನ್ನೊಂದು ವಿಷಯ ಇದೆ. ಆ ಸೋಮವಾರದ ನಂತರ ಫೆಡರರ್ ನ್ಯೂಯಾರ್ಕಿನಲ್ಲಿ ಮತ್ತೆ ಗೆಲ್ಲಲೇ ಇಲ್ಲ. 2009ರ ಫೈನಲ್‌ನಲ್ಲಿ ಡೆಲ್ ಪೊಟ್ರೊ ಐದು ಸೆಟ್‌ಗಳಲ್ಲಿ ಕಿತ್ತುಕೊಂಡ. 2010 ಮತ್ತು 2011ರ ಸೆಮಿಫೈನಲ್‌ಗಳಲ್ಲಿ ಎರಡೆರಡು ಮ್ಯಾಚ್ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಜೊಕೊವಿಚ್‌ಗೆ ಸೋತ. 2015ರ ಫೈನಲ್‌ನಲ್ಲೂ ಜೊಕೊವಿಚ್. ಅಂದರೆ "ಫೆಡರರ್ ಮುಗೀತು" ಅಂದವರು ಸೋತರು, "ಇನ್ನು ಹಳೇ ಕಾಲ ಮರಳಿತು" ಅಂದವರೂ ಸೋತರು. ಅವನು ಇಳಿದಿರಲಿಲ್ಲ. ಆದರೆ ಮೇಲೆ ಅವನೊಬ್ಬನೇ ಇದ್ದ ಕಾಲ ಮುಗಿದಿತ್ತು.

ನನಗೆ ಮುಖ್ಯ ಅನ್ನಿಸೋದು ಆ ಅಳತೆಗೋಲು. 27ಕ್ಕೆ ಮುಗೀತು ಅಂತ ಹೇಳಿದ್ದು ಬೋರ್ಗ್, ಮೆಕೆನ್ರೋ ಕಾಲದ ಕೋಲು ಹಿಡಿದು. ಆ ಕೋಲನ್ನ ಮುರಿದದ್ದು ಫೆಡರರ್ ಒಬ್ಬನೇ ಅಲ್ಲ, ಅವನನ್ನ ಸೋಲಿಸಿದವರೂ ಹೌದು. ನಡಾಲ್ ಕೊನೆಯ ಫ್ರೆಂಚ್ ಓಪನ್ ಗೆದ್ದದ್ದು 2022ರಲ್ಲಿ, 36ಕ್ಕೆ. ಜೊಕೊವಿಚ್ 24ನೇ ಗ್ರ್ಯಾಂಡ್ ಸ್ಲಾಮ್ ಗೆದ್ದದ್ದು 2023ರಲ್ಲಿ, ಅದೂ 36ಕ್ಕೆ. ಎದುರಾಳಿಗಳು ಸುಮ್ಮನೆ ಕೂರಲು ಬಿಡದಿದ್ದಾಗಲೇ ಫೆಡರರ್ ಕೂಡ ಬದಲಾದ. 2014ರಲ್ಲಿ ತನ್ನ 90 ಚದರ ಇಂಚಿನ ರ‍್ಯಾಕೆಟ್ ಬಿಟ್ಟು 97ರದ್ದು ಹಿಡಿದ. ವರ್ಷಾನುಗಟ್ಟಲೆ ನಡಾಲ್ ಒಡೆದು ಹಾಕಿದ್ದ ಅದೇ ಬ್ಯಾಕ್‌ಹ್ಯಾಂಡ್‌ನಿಂದ 2017ರಲ್ಲಿ ಅವನನ್ನ ನಾಲ್ಕಕ್ಕೆ ನಾಲ್ಕು ಸಲ ಸೋಲಿಸಿದ. ಗುದ್ದಾಡೋಕೆ ಯಾರೂ ಇಲ್ಲದಿದ್ದರೆ ಇಷ್ಟೆಲ್ಲ ಕಲಿಯುತ್ತಿದ್ದನಾ? ಗೊತ್ತಿಲ್ಲ.

ನಾವು ಮನುಷ್ಯರ ಲೆಕ್ಕ ಚುಕ್ತಾ ಮಾಡೋದು ಬಹಳ ಬೇಗ. ಆಟಗಾರ ಅಂತಲ್ಲ, ಬರಹಗಾರ, ಹಾಡುಗಾರ, ಪಕ್ಕದ ಮನೆಯವರು... ಎರಡು ಸಲ ಎಡವಿದರೆ ಸಾಕು, "ಅವರದ್ದಾಯ್ತು ಬಿಡಿ" ಅಂದುಬಿಡ್ತೀವಿ. ಮುಂದಿನ ಸಲ ಹಾಗನ್ನೋ ಮುಂಚೆ, ಅವರು ಇಳಿದದ್ದಾ ಅಥವಾ ಸುತ್ತಲಿನವರು ಏರಿದ್ದಾ ಅಂತ ಒಂದು ಸಲ ನೋಡಿದರೆ ಚೆನ್ನ.

ಅಂದ ಹಾಗೆ, ಆ ಸೆಪ್ಟೆಂಬರಿನಲ್ಲಿ ನೀವು ಯಾವ ಪಕ್ಷದಲ್ಲಿದ್ರಿ? ನಡಾಲ್ ಕಡೆಯವರೂ ಧೈರ್ಯವಾಗಿ ಬರೀರಿ, ಜಗಳಕ್ಕೆ ನಾನು ತಯಾರು :)